ದಾರಿಯ ವರ್ಣನೆ
(ಬೈಸಿಕಲ್ ಸವಾರರ ಬರವಣಿಗೆಯನ್ನು ಕುರಿತು)

ನಮ್ಮ ಪ್ರಾಚೀನ ಆಲಂಕಾರಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದರು. ಕಡಲು, ಬೆಟ್ಟ, ಪಟ್ಟಣ, ಋತು, ಸೂರ್ಯಚಂದ್ರರ ಉದಯ ಮೊದಲಾದವುಗಳ ನಡುವೆ ‘ಪ್ರಯಾಣ’ವೆಂಬುದಕ್ಕೂ ಅಲ್ಲಿ ಸ್ಥಾನವುಂಟು. ಆದರೆ ಆ ಪ್ರಯಾಣವು ಅರಸನ ದಂಡಯಾತ್ರೆ. ಅದನ್ನು ಬಣ್ಣಿಸುವ ಕವಿಯ ದೃಷ್ಟಿಯೆಲ್ಲ ಆನೆ ಕುದುರೆಗಳ ಮೇಲೆ, ಸೂರ್ಯನನ್ನು ಮುಚ್ಚುವ ಧೂಳಿನ ಮೇಲೆ ನೆಟ್ಟಿರುವುದೇ ಹೊರತು ದಾರಿಯ ಮೇಲಲ್ಲ. ದಾರಿಯನ್ನೇ ವಸ್ತುವನ್ನಾಗಿ ಮಾಡಿಕೊಂಡ ಬರವಣಿಗೆಯೊಂದು ಈಚೆಗೆ ನಮ್ಮಲ್ಲಿ ಬೆಳೆಯುತ್ತಿದೆ. ಅದನ್ನು ಬರೆಯುತ್ತಿರುವವರು ಕವಿಗಳಲ್ಲ, ಬೈಸಿಕಲ್ ಸವಾರರು.

ಬೆಂಗಳೂರಿನ ಪಶ್ಚಿಮ ಭಾಗದ ಬಸವೇಶ್ವರನಗರ, ರಾಜಾಜಿನಗರ, ವಿಜಯನಗರ, ಕೆಂಗೇರಿಗಳಲ್ಲಿ ಭಾನುವಾರದ ನಸುಕಿನಲ್ಲಿ ಬೈಸಿಕಲ್ಲೇರಿ ಹೊರಡುವ ತರುಣರನ್ನು ವಾಚಕರು ನೋಡಿರಬಹುದು. ಕೆಲವರು ಮಾಗಡಿ ರಸ್ತೆಯನ್ನು ಹಿಡಿದು ಸುಂಕದಕಟ್ಟೆ, ತಾವರೆಕೆರೆಗಳನ್ನು ದಾಟಿ ತಿಪ್ಪಗೊಂಡನಹಳ್ಳಿಯ ಕಡೆಗೆ ಹೋಗುವರು. ಕೆಲವರು ಕೆಂಗೇರಿಯಿಂದ ರಾಮೋಹಳ್ಳಿಯ ದೊಡ್ಡ ಆಲದ ಮರವನ್ನು ಕಂಡು ಮಂಚನಬೆಲೆಗೂ, ಅಲ್ಲಿಂದ ಸಾವನದುರ್ಗಕ್ಕೂ ಸಾಗುವರು. ಇನ್ನು ಕೆಲವರು ಉತ್ತರಕ್ಕೆ ತಿರುಗಿ ನಂದಿಬೆಟ್ಟವನ್ನು ಏರುವರು. ಹಿಂದಿರುಗಿದ ಮೇಲೆ ತಾವು ಕಂಡ ದಾರಿಯನ್ನು ಬರೆದು ಇತರರಿಗೆ ತಿಳಿಸುವ ಪದ್ಧತಿಯೂ ಅವರಲ್ಲಿದೆ. ಈ ಬರವಣಿಗೆಯನ್ನು ಸಾಹಿತ್ಯವೆಂದು ಎಣಿಸಿ ಗುಣದೋಷಗಳನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

‘ಇವು ಉಪಯೋಗಕ್ಕಾಗಿ ಬರೆದ ಟಿಪ್ಪಣಿಗಳು, ಇವುಗಳಿಗೆ ಕಾವ್ಯದ ಒರೆಗಲ್ಲೇಕೆ?’ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಭಾರತೀಯ ಸಾಹಿತ್ಯದಲ್ಲಿ ದಾರಿಯ ವರ್ಣನೆಗೆ ಕಿರೀಟಪ್ರಾಯವಾದ ‘ಮೇಘದೂತ’ವೂ ಹೊರನೋಟಕ್ಕೆ ಉಪಯೋಗದ ಮಾತೇ ಆಗಿದೆ. ದ. ರಾ. ಬೇಂದ್ರೆಯವರು 1943ರಲ್ಲಿ ‘ಕನ್ನಡ ಮೇಘದೂತ’ವನ್ನು ಕೊಟ್ಟ ಮೇಲೆ ಅದು ಕನ್ನಡಿಗರ ಮನೆಯ ಸೊತ್ತೇ ಆಯಿತು. ಅಲ್ಲಿ ಯಕ್ಷನು ಮೇಘಕ್ಕೆ ತನ್ನ ಸಂದೇಶವನ್ನು ಮೊದಲು ಹೇಳುವುದಿಲ್ಲ; ಮೊದಲು ದಾರಿಯನ್ನು ಹೇಳುತ್ತಾನೆ. ದಣಿದಾಗ ಯಾವ ಶಿಖರದ ಮೇಲೆ ಕಾಲೂರಬೇಕು, ಸೊರಗಿದಾಗ ಯಾವ ಹೊಳೆಯ ನೀರನ್ನು ಕುಡಿಯಬೇಕು ಎಂಬುದನ್ನು ಮರೆಯದೆ ತಿಳಿಸುತ್ತಾನೆ. ಉಜ್ಜಯಿನಿಯು ನೇರವಾದ ದಾರಿಯಲ್ಲಿಲ್ಲ, ಆದರೂ ಬಳಸಿ ಹೋಗು ಎನ್ನುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಬೆಳೆಯು ಮೇಘವನ್ನು ನಂಬಿರುವುದರಿಂದ ಹಳ್ಳಿಯ ಹೆಣ್ಣುಮಕ್ಕಳು ಅದನ್ನು ಪ್ರೀತಿಯಿಂದ ನೋಡುವರೆಂದೂ, ಕಾಡುಗಿಚ್ಚನ್ನು ಆರಿಸಿದ ಉಪಕಾರಕ್ಕಾಗಿ ಆಮ್ರಕೂಟ ಪರ್ವತವು ಅದನ್ನು ತಲೆಯ ಮೇಲೆ ಹೊರುವುದೆಂದೂ ಹೇಳುತ್ತಾನೆ. ಎಂದರೆ ದಾರಿಯ ವರ್ಣನೆಯಲ್ಲಿ ಮೂರು ಅಂಗಗಳಿರಬೇಕಾಯಿತು: ಪಯಣಿಗನ ಶ್ರಮ, ಆ ಶ್ರಮಕ್ಕೆ ಒದಗುವ ನೀರು ನೆರಳು, ಪಯಣಿಗನಿಗೂ ದಾರಿಯವರಿಗೂ ನಡುವಣ ಋಣ. ಚೆಲುವು ಈ ಮೂರರಿಂದ ಹುಟ್ಟುವುದು; ಇವುಗಳಿಂದ ಬೇರೆಯಾಗಿ ನಿಲ್ಲುವುದಿಲ್ಲ.

ಸವಾರರ ಬರವಣಿಗೆಯಲ್ಲಿ ಮೊದಲನೆಯ ಅಂಗವು ತಕ್ಕಮಟ್ಟಿಗೆ ಇದೆ. ಎಷ್ಟು ಕಿಲೋಮೀಟರು, ಎಷ್ಟು ಮೀಟರು ಏರು, ಎಷ್ಟು ಹೊತ್ತು ಎಂಬ ಲೆಕ್ಕವನ್ನು ಅವರು ಅಚ್ಚುಕಟ್ಟಾಗಿ ಕೊಡುತ್ತಾರೆ. ಈ ಲೆಕ್ಕವನ್ನು ಹಳಿಯಬಾರದು. ಅದು ದೇಹದಿಂದ ಪಡೆದ ಅರಿವು. ಆದರೆ ಚೆಲುವಿನ ಮಾತು ಬಂದೊಡನೆ ಅವರ ಲೇಖನಿ ಕುಂಟುತ್ತದೆ. ‘ರಮಣೀಯ’, ‘ಹಚ್ಚ ಹಸುರು’, ‘ಸ್ವರ್ಗಸದೃಶ’ ಎಂಬ ವಿಶೇಷಣಗಳು ತಾವರೆಕೆರೆಗೂ ಸರಿ, ನಂದಿಗೂ ಸರಿ, ಕಾಣದ ಕಾಶ್ಮೀರಕ್ಕೂ ಸರಿ. ಎಲ್ಲ ಊರಿಗೂ ಸಲ್ಲುವ ಮಾತು ಯಾವ ಊರನ್ನೂ ತೋರಿಸಲಾರದು. ನಮ್ಮವರು ಸ್ವಭಾವೋಕ್ತಿಯನ್ನು ಅಲಂಕಾರವೆಂದು ಎಣಿಸಿದುದು ಈ ಕಾರಣದಿಂದಲೇ: ವಸ್ತುವಿನ ಸ್ವಂತ ಲಕ್ಷಣವನ್ನು ಕಂಡು ಹೇಳುವುದು ಎಲ್ಲಕ್ಕಿಂತ ಕಷ್ಟ.

ಇನ್ನೊಂದು ಕೊರತೆಯುಂಟು. ಈ ವರ್ಣನೆಗಳು ಬಹುಮಟ್ಟಿಗೆ ಹೋಗುವ ದಾರಿಯ ವರ್ಣನೆಗಳು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಪಶ್ಚಿಮದ ಅರ್ಕಾವತಿ ಕಣಿವೆಯು ಅದಕ್ಕಿಂತ ತಗ್ಗು. ಮುಂಜಾನೆ ಹೊರಟವನಿಗೆ ಸೂರ್ಯನು ಬೆನ್ನಿಗಿರುವನು, ದಾರಿಯು ಒಟ್ಟಿನಲ್ಲಿ ಇಳಿಜಾರು. ಹಿಂದಿರುಗುವಾಗ ಸೂರ್ಯನು ಕಣ್ಣಿಗೆದುರು, ದಾರಿಯು ಏರು. ಬರೆಯುವವನು ಮೊದಲ ಅರ್ಧವನ್ನು ಬಣ್ಣಿಸಿ ಎರಡನೆಯದನ್ನು ಬಿಡುತ್ತಾನೆ. ಮೆಡಿಟರೇನಿಯನ್ ಸಮುದ್ರದ ಮಯ್ಯೋರ್ಕ ದ್ವೀಪದಲ್ಲಿ ಸವಾರರೆಲ್ಲ ಹಂಬಲಿಸುವ ಸಾ ಕಲೋಬ್ರ ಎಂಬ ರಸ್ತೆಯಿದೆ. ಅಂತೋನಿಯೊ ಪರಿಯೆತ್ತಿ ಎಂಬ ಎಂಜಿನಿಯರು ರೂಪಿಸಿದ ಅದು 1932ರಲ್ಲಿ ಮುಗಿಯಿತು. ಸುಮಾರು 9½ ಕಿಲೋಮೀಟರಿನಲ್ಲಿ 600 ಮೀಟರಿಗೂ ಹೆಚ್ಚು ಇಳಿದು ಕಡಲನ್ನು ಮುಟ್ಟುತ್ತದೆ. ಒಂದೆಡೆಯಲ್ಲಂತೂ ಕೊರಳ ಪಟ್ಟಿಯ ಗಂಟಿನಂತೆ ತನ್ನ ಕೆಳಗೇ ತಾನು ನುಸುಳಿ ಹೋಗುತ್ತದೆ. ಆದರೆ ಕೆಳಗೆ ರಸ್ತೆ ಮುಗಿಯಿತು. ಇಳಿದ ಸವಾರನು ಅದೇ ದಾರಿಯನ್ನು ಏರಲೇಬೇಕು. ಆ ರಸ್ತೆಯ ಕೀರ್ತಿಯು ಇಳಿತದಲ್ಲಿ ಕಂಡ ಕಡಲಿನಿಂದ ಎಷ್ಟು ಬಂದಿತೋ ಈ ಮರಳಿ ಏರುವ ಕಟ್ಟಳೆಯಿಂದಲೂ ಅಷ್ಟೇ ಬಂದಿದೆ. ಮರಳುವ ದಾರಿಯನ್ನು ಹೇಳದ ವರ್ಣನೆಯು ಅರ್ಧ ವರ್ಣನೆ.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. ಇರಬೇಕಾದ ಪದವು ವಾಕ್ಯದಲ್ಲಿಲ್ಲದಿದ್ದರೆ ಆಲಂಕಾರಿಕರು ಅದನ್ನು ‘ನ್ಯೂನಪದ’ವೆಂಬ ದೋಷವೆಂದು ಕರೆದರು. ಕಾವ್ಯದಲ್ಲಿ ಈ ದೋಷದಿಂದ ರಸಕ್ಕೆ ಹಾನಿ; ದಾರಿಯ ವರ್ಣನೆಯಲ್ಲಿ ಪ್ರಾಣಕ್ಕೇ ಹಾನಿ. ಮಂಚನಬೆಲೆಯ ಜಲಾಶಯವನ್ನು ನೋಡಿ: ಗುಡ್ಡಗಳ ನಡುವೆ ನಿಶ್ಚಲವಾದ ನೀರು, ಬಂಡೆಗಳ ದಡ. ಬಣ್ಣಿಸುವವರಿಗೆ ಅದಕ್ಕಿಂತ ಸುಲಭವಾದ ವಸ್ತುವಿಲ್ಲ. ಆದರೆ ಅದೇ ನೀರಿನಲ್ಲಿ ನಗರದಿಂದ ಬಂದ ತರುಣರು ಮುಳುಗಿ ತೀರಿಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ‘ನೀರು ತಿಳಿಯಾಗಿದೆ’ ಎಂದು ಬರೆದು ‘ಇಳಿಯಬಾರದು’ ಎಂಬುದನ್ನು ಬಿಟ್ಟವನ ಶೈಲಿ ಎಷ್ಟೇ ಲಲಿತವಾಗಿರಲಿ, ಆ ಬರವಣಿಗೆ ಕೆಟ್ಟದ್ದೆಂದು ಹೇಳಲು ವಿಮರ್ಶಕನು ಹಿಂಜರಿಯಬಾರದು. ಎಚ್ಚರಿಕೆಯು ಸೌಂದರ್ಯವನ್ನು ಕೆಡಿಸುವುದೆಂಬ ಭಯವೂ ಬೇಡ. ನೀರಿನ ಆಳವನ್ನು ಅರಿತ ಮೇಲೆ ಆ ನಿಶ್ಚಲತೆಯು ಹೆಚ್ಚು ಗಂಭೀರವಾಗಿ ಕಾಣುವುದೇ ಹೊರತು ಕಡಮೆಯಾಗದು.

ಋಣದ ಮಾತನ್ನೂ ಹೀಗೆಯೇ ನೋಡಬೇಕು. ಅರ್ಕಾವತಿಯು ನಂದಿಬೆಟ್ಟದ ಕಡೆ ಹುಟ್ಟುತ್ತದೆ. ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯನ್ನು ತಿಪ್ಪಗೊಂಡನಹಳ್ಳಿಯಲ್ಲಿ ಕೂಡಿಕೊಂಡು ಮಂಚನಬೆಲೆಯ ಮೂಲಕ ಹರಿದು ಕೊನೆಗೆ ಕಾವೇರಿಯನ್ನು ಸೇರುತ್ತದೆ. ಹಾಗಾದರೆ ಉತ್ತರಕ್ಕೆ ಹೋಗುವ ಸವಾರನೂ ಪಶ್ಚಿಮಕ್ಕೆ ಹೋಗುವ ಸವಾರನೂ ಅರಿಯದೆಯೇ ಒಂದೇ ನದಿಯ ಯಾತ್ರಿಕರು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಅಣೆಕಟ್ಟು ಸಿದ್ಧವಾದಂದಿನಿಂದ 1974ರಲ್ಲಿ ಕಾವೇರಿಯ ನೀರು ಬರುವವರೆಗೆ ಬೆಂಗಳೂರಿನ ದಾಹವನ್ನು ಮುಖ್ಯವಾಗಿ ತಣಿಸಿದುದು ಈ ನದಿಯೇ. ನಗರವು ಅದಕ್ಕೆ ಹಿಂದಕ್ಕೆ ಕೊಟ್ಟುದು ಕೊಳಚೆಯನ್ನು. ಒಳಹರಿವು ಕುಗ್ಗಿ, ನೀರು ಮಲಿನವಾಗಿ, ಈ ಶತಮಾನದ ಎರಡನೆಯ ದಶಕದಲ್ಲಿ ಅಲ್ಲಿಂದ ಕುಡಿಯುವ ನೀರನ್ನು ತರುವುದೇ ನಿಂತುಹೋಯಿತು. ಮೇಘವು ಆಮ್ರಕೂಟದ ಕಿಚ್ಚನ್ನು ಆರಿಸಿ ಆತಿಥ್ಯವನ್ನು ಪಡೆಯಿತು. ನಾವು ಆತಿಥ್ಯವನ್ನು ಮೊದಲೇ ಉಂಡು ಎಲೆಯನ್ನು ಅಲ್ಲಿಯೇ ಎಸೆದು ಬಂದೆವು. ಈ ಸಂಗತಿಯನ್ನು ಒಳಗೊಳ್ಳದೆ ಆ ಕಣಿವೆಯನ್ನು ಬಣ್ಣಿಸಿದರೆ ಅದು ಚಿತ್ರವಾಗಬಹುದು, ದಾರಿಯಾಗದು.

ಹಾಗೆಂದು ಸವಾರನು ಪ್ರತಿ ತಿರುವಿನಲ್ಲಿಯೂ ಉಪದೇಶ ಮಾಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಕಾಳಿದಾಸನು ಉಪದೇಶಿಸಲಿಲ್ಲ, ಹೆಸರಿಟ್ಟು ಕರೆದ, ಅಷ್ಟೆ. ನಮ್ಮವರೂ ಹೆಸರಿನಿಂದ ತೊಡಗಬಹುದು. ಸಾವನದುರ್ಗವನ್ನು ‘ದೊಡ್ಡ ಬಂಡೆ’ ಎನ್ನುವುದಕ್ಕೆ ಬದಲಾಗಿ ಕರಿಗುಡ್ಡ, ಬಿಳಿಗುಡ್ಡಗಳೆಂಬ ಅದರ ಎರಡು ಮೈಗಳನ್ನು ಹೇಳಲಿ; ಅದರ ಬುಡದಲ್ಲಿರುವ ವೀರಭದ್ರಸ್ವಾಮಿ, ನರಸಿಂಹಸ್ವಾಮಿಗಳ ಗುಡಿಗಳನ್ನು ಹೇಳಲಿ; 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಈ ದುರ್ಗವನ್ನು ಹಿಡಿದುದನ್ನು ಒಂದು ವಾಕ್ಯದಲ್ಲಿ ಸೂಚಿಸಲಿ. ಎಲ್ಲಿ ಎಳನೀರು ಸಿಕ್ಕಿತು, ಎಲ್ಲಿ ನೆರಳಿನ ಸಾಲುಮರ ಮುಗಿಯಿತು, ಯಾವ ಹಳ್ಳಿಯ ನಡುವೆ ರಸ್ತೆಯ ಮೇಲೆ ರಾಗಿ ಒಕ್ಕುತ್ತಿದ್ದರಾದ್ದರಿಂದ ಇಳಿದು ನಡೆಯಬೇಕಾಯಿತು ಎಂಬುದನ್ನು ಬರೆಯಲಿ. ಇವುಗಳಲ್ಲಿ ಯಾವುದಕ್ಕೂ ವಿಶೇಷಣ ಬೇಕಾಗಿಲ್ಲ.

ಬೈಸಿಕಲ್ ಸವಾರನಿಗೆ ಬೇರೆ ಯಾವ ಪ್ರವಾಸಿಗೂ ಇಲ್ಲದ ಅನುಕೂಲವಿದೆ. ಮೋಟಾರಿನವನು ನೋಡಲಾರದಷ್ಟು ವೇಗವಾಗಿ ಹೋಗುವನು. ಕಾಲ್ನಡಿಗೆಯವನು ಒಂದು ದಿನದಲ್ಲಿ ಒಂದು ಕಣಿವೆಯನ್ನು ಪೂರ್ತಿಯಾಗಿ ಕಾಣಲಾರ. ಸವಾರನಾದರೋ ನೆಲದ ಪ್ರತಿಯೊಂದು ಏರಿಳಿತವನ್ನೂ ತೊಡೆಯಿಂದಲೇ ಅಳೆದು, ನಗರದಿಂದ ನದಿಯವರೆಗೆ ಹೋಗಿ ಮಧ್ಯಾಹ್ನದೊಳಗೆ ಮನೆ ಸೇರಬಲ್ಲ. ಇಷ್ಟು ಅರಿವನ್ನು ಸಂಪಾದಿಸಿದವನು ಬರೆಯುವಾಗ ಸವೆದ ವಿಶೇಷಣಗಳಿಗೆ ಕೈಯೊಡ್ಡಬೇಕಾದ ದಾರಿದ್ರ್ಯವೇನು? ಮುಂದಿನ ಬರವಣಿಗೆಯಲ್ಲಿ ಮರಳಿದ ದಾರಿಯನ್ನೂ, ಮುಟ್ಟಬಾರದ ನೀರನ್ನೂ, ನೀರು ಕೊಟ್ಟ ನದಿಯ ಹೆಸರನ್ನೂ ಆತನು ಸೇರಿಸಿದನಾದರೆ ಕನ್ನಡ ಗದ್ಯಕ್ಕೆ ಒಂದು ಹೊಸ ಪ್ರಕಾರವೇ ದೊರಕಿದಂತಾಗುವುದು. ಅದನ್ನು ಸಂತೋಷದಿಂದ ಓದಲು ನಾವು ಕಾದಿದ್ದೇವೆ.