ಪ್ರಸ್ಕೋವ್ಯಳ ಪರವಾಗಿ ಒಂದು ಮಾತು

ಟಾಲ್‌ಸ್ಟಾಯಿಯ ‘ಇವಾನ್ ಇಲ್ಯಿಚ್‌ನ ಸಾವು’ (1886) ಎಂಬ ನೀಳ್ಗತೆಯನ್ನು ಓದಿದವರಲ್ಲಿ ಆಳುಮಗ ಗೆರಾಸಿಮನನ್ನು ಮೆಚ್ಚದವರಿಲ್ಲ. ಇವಾನನ ಹೆಂಡತಿ ಪ್ರಸ್ಕೋವ್ಯಳನ್ನು ಮೆಚ್ಚಿದವರೂ ಇಲ್ಲ. ತರಗತಿಯಲ್ಲಿ ವಿದ್ಯಾರ್ಥಿಗಳು ಈ ತೀರ್ಪನ್ನು ಎಷ್ಟು ಸುಲಭವಾಗಿ ಕೊಡುತ್ತಾರೆಂದರೆ, ಅದು ಅವರದೋ ಕಥೆಗಾರನೇ ಅವರ ಕೈಗಿತ್ತದ್ದೋ ಎಂದು ಸಂಶಯವಾಗುತ್ತದೆ.

ರೋಗದ ಹೆಸರನ್ನು ಟಾಲ್‌ಸ್ಟಾಯ್ ಹೇಳುವುದಿಲ್ಲ. ವೈದ್ಯರು ಮೂತ್ರಪಿಂಡವೆನ್ನುತ್ತಾರೆ, ಕರುಳೆನ್ನುತ್ತಾರೆ. ಪಕ್ಕೆಯ ನೋವು, ಬಾಯಲ್ಲಿ ವಿಚಿತ್ರ ರುಚಿ, ಕರಗುತ್ತ ಬಂದ ಮೈ, ಅಫೀಮಿಗೂ ಬಗ್ಗದ ಯಾತನೆ, ಇವನ್ನು ಕಂಡ ಇಂದಿನ ಓದುಗ ಕ್ಯಾನ್ಸರೆಂದೇ ಊಹಿಸುತ್ತಾನೆ. ಗೆರಾಸಿಮ ರೋಗಿಯ ಮಲ ತೆಗೆಯುತ್ತಾನೆ, ಅವನ ಕಾಲುಗಳನ್ನು ಹೆಗಲ ಮೇಲಿರಿಸಿಕೊಂಡು ರಾತ್ರಿಯೆಲ್ಲ ಕೂರುತ್ತಾನೆ, ಸಾಯುವವನನ್ನು ಸಾಯುವವನೆಂದೇ ಕಾಣುತ್ತಾನೆ. ಮಹತ್ತಾದ ಚಿತ್ರ, ನಿಜ. ಆದರೆ ಅವನು ಕಟ್ಟುಮಸ್ತಾದ ಹಳ್ಳಿಯ ಹುಡುಗ. 17 ವರ್ಷಗಳ ದಾಂಪತ್ಯದ ಜಗಳ, ಮಣ್ಣು ಮಾಡಿದ ಮಕ್ಕಳು, ಮದುವೆಗೆ ನಿಂತ ಮಗಳು, ಇನ್ನೂ ಶಾಲೆಯಲ್ಲಿರುವ ಮಗ, ಇವು ಯಾವುವೂ ಆ ಹೆಗಲ ಮೇಲಿಲ್ಲ.

ಹೆಂಡತಿಯೋ ಸುಳ್ಳು ಹೇಳುತ್ತಾಳೆ: ಔಷಧವನ್ನು ಸರಿಯಾಗಿ ಕುಡಿದರೆ ಗುಣವಾದೀತು, ತಪ್ಪೆಲ್ಲ ಗಂಡನದೇ. ಈ ಸುಳ್ಳು ರೋಗಿಯನ್ನು ಎಷ್ಟು ಹಿಂಸಿಸಿತೆಂಬುದನ್ನು ಟಾಲ್‌ಸ್ಟಾಯಿಯಂತೆ ತೋರಿಸಿದವರು ವಿರಳ. ಆದರೆ ಆ ಸುಳ್ಳನ್ನಾಡುವವಳ ಒಳಮನೆಯ ಬಾಗಿಲನ್ನು ಅವನು ತೆರೆಯಲೊಲ್ಲ. ಹಿಂದೊಮ್ಮೆ ಅವಳು ಗಂಡನ ಸಾವನ್ನು ಬಯಸಿ, ಸಂಬಳ ನಿಂತೀತೆಂದು ಹಿಂಜರಿದಳೆಂಬುದನ್ನು ಮರೆಯದೆ ಹೇಳುತ್ತಾನೆ. ನಾಟಕಕ್ಕೆ ಹೊರಟಾಗಿನ ಅವಳ ಅಲಂಕಾರವನ್ನೂ ಬಿಡುವುದಿಲ್ಲ. ಮುಚ್ಚಿದ ಬಾಗಿಲುಗಳಾಚೆಗೂ ಕೇಳುತ್ತಿದ್ದ ಮೂರು ದಿನದ ಚೀರಾಟವನ್ನು ಅವಳು ಹೇಗೆ ಸಹಿಸಿದಳೆಂಬುದಕ್ಕೆ ಮಾತ್ರ ಪುಟವಿಲ್ಲ. ಮೊದಲ ಅಧ್ಯಾಯದಲ್ಲಿ ಅವಳೇ ಅದನ್ನು ಹೇಳಹೊರಟರೆ, ಮೇಜಿಗೆ ಸಿಕ್ಕಿಕೊಂಡ ಅವಳ ಕರಿಯ ಲೇಸು, ಕೇಳಲು ಕುಳಿತ ಪ್ಯೋತ್ರ್ ಇವಾನೊವಿಚ್‌ನ ಕೆಳಗೆ ಕಿರುಗುಟ್ಟುವ ಸ್ಪ್ರಿಂಗು ನಡುವೆ ಬಂದು ದುಃಖ ನಗೆಪಾಟಲಾಗುತ್ತದೆ. ಅವಳಿಗೆ ತನ್ನ ನರಗಳದೇ ಚಿಂತೆಯೆಂದು ಕಥೆಗಾರ ಚುಚ್ಚುತ್ತಾನೆ. ಕೊನೆಗೆ ಸರ್ಕಾರದಿಂದ ಹೆಚ್ಚು ಹಣ ಹೊರಡಿಸುವ ದಾರಿ ಕೇಳುತ್ತಾಳೆ. ಅಲ್ಲಿಗೆ ನಮ್ಮ ತೀರ್ಪು ಮುಗಿಯಿತು. (ಕಾಯಿಲೆಯ ಮನೆಯಲ್ಲಿ ದುಡ್ಡಿನ ಲೆಕ್ಕ ಹಾಕದ ಹೆಂಗಸು ಯಾವ ದೇಶದಲ್ಲಿದ್ದಾಳೆ?)

ಆದರೂ ಟಾಲ್‌ಸ್ಟಾಯ್ ಅವಳನ್ನು ಒಮ್ಮೆ ಕಂಡಿದ್ದಾನೆ, ಅದೂ ಸಾಯುತ್ತಿರುವವನ ಕಣ್ಣಿನಿಂದ. ಮಗ ಕೈಹಿಡಿದು ಅಳುತ್ತಿದ್ದಾನೆ. ಅವಳು ಬಾಯ್ದೆರೆದು, ಮೂಗು ಕೆನ್ನೆಗಳ ಮೇಲಿನ ಕಣ್ಣೀರನ್ನೂ ಒರೆಸಿಕೊಳ್ಳದೆ ನಿಂತಿದ್ದಾಳೆ. ಇವಾನನಲ್ಲಿ ಹಗೆ ಅಳಿದು ಮರುಕ ಹುಟ್ಟುತ್ತದೆ. ‘ಪ್ರೊಸ್ತಿ’, ಕ್ಷಮಿಸು, ಎನ್ನಹೋಗಿ ನಾಲಗೆ ತೊಡರಿ ‘ಪ್ರೊಪುಸ್ತಿ’, ಹೋಗಗೊಡು, ಎಂದುಬಿಡುತ್ತಾನೆ. ತಿದ್ದಿ ಹೇಳುವ ಶಕ್ತಿಯಿಲ್ಲದೆ ಕೈಬೀಸುತ್ತಾನೆ.

ಈಗ ಮೊದಲ ಅಧ್ಯಾಯವನ್ನು ಇನ್ನೊಮ್ಮೆ ತೆರೆದು ನೋಡಬೇಕು. ಪ್ಯೋತ್ರನಿಗೆ ಅವಳು ಚೀರಾಟದ ಸಂಗತಿ ಹೇಳುತ್ತಾಳೆ. ಕೊನೆಯವರೆಗೂ ಎಚ್ಚರವಿತ್ತು, ನಮ್ಮನ್ನು ಬೀಳ್ಕೊಂಡರು, ಹುಡುಗನನ್ನು ಆಚೆ ಕರೆದೊಯ್ಯಿರೆಂದರು ಎನ್ನುತ್ತಾಳೆ. ಕ್ಷಮೆಯ ಮಾತನ್ನು ಎತ್ತುವುದಿಲ್ಲ. ಅವಳಿಗೆ ಅದು ಕೇಳಿಸಿರಲೇ ಇಲ್ಲ.