ಬ್ಯಾಕರಾ ಮೇಜಿನ ಪಕ್ಕದ ಬಟ್ಟಲು

ಲಾಸ್ ವೇಗಸ್‌ಗೆ ಹೋಗುವ ಕನ್ನಡಿಗರಲ್ಲಿ ಜೂಜಿಗೆಂದೇ ಹೋಗುವವರು ಕಡಿಮೆ. ಜನವರಿಯ ಸಿಇಎಸ್ ಮೇಳಕ್ಕೋ, ವರ್ಷದ ಕೊನೆಗೆ ಅಮೆಜಾನಿನವರು ನಡೆಸುವ ಕ್ಲೌಡ್ ಸಮ್ಮೇಳನಕ್ಕೋ ಬೆಂಗಳೂರಿನಿಂದ ಹೊರಟ ಎಂಜಿನಿಯರುಗಳು ಒಂದು ಗುಂಪು. ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಯಿಂದ ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಕಾರು ಹತ್ತಿ, ದಾರಿಯಲ್ಲಿ ಒಂದು ರಾತ್ರಿ ತಂಗುವ ಅಪ್ಪ-ಅಮ್ಮಂದಿರು ಇನ್ನೊಂದು ಗುಂಪು. ಎರಡೂ ಗುಂಪಿನವರು ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಊಟಕ್ಕೆ ಎಲ್ಲಿ ಹೋಗೋದು ಸಾರ್?" ಬಫೆಗೆ ಹೋಗಿ ಅನ್ನುತ್ತಿದ್ದ ಕಾಲ ಹೋಯಿತು, ಸೋವಿ ಬಫೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಟಿವಿಯಲ್ಲಿ ಮುಖ ಕಾಣುವ ಬಾಣಸಿಗರ ಹೋಟೆಲುಗಳಲ್ಲಿ ಇಬ್ಬರು ಕೂತು ಎದ್ದರೆ ಊರಿನ ಒಂದು ತಿಂಗಳ ದಿನಸಿ ಲೆಕ್ಕ ಕಣ್ಣೆದುರು ಬರುತ್ತದೆ. ನಾನು ಹೇಳುವುದು ಇಷ್ಟು: ಕ್ಯಾಸಿನೊ ಒಳಗೆ ಹೋಗಿ ಬ್ಯಾಕರಾ ಆಡುವ ಜಾಗ ಎಲ್ಲಿದೆ ಎಂದು ಕೇಳಿ. ಅದರ ಆಸುಪಾಸಿನಲ್ಲೇ ಒಂದು ನೂಡಲ್ಸ್ ಅಂಗಡಿ ಇರುವ ಸಂಭವ ಹೆಚ್ಚು. ಅಲ್ಲಿ ಕೂರಿ.

ಬ್ಯಾಕರಾನೇ ಯಾಕೆ ಅಂದರೆ, ಚೀನೀ ಮೂಲದ ಜೂಜುಗಾರರ ಅಚ್ಚುಮೆಚ್ಚಿನ ಆಟ ಅದು. ಪ್ಲೇಯರ್, ಬ್ಯಾಂಕರ್ ಎಂದು ಎರಡು ಕಡೆ. ಯಾವ ಕಡೆಯ ಎಲೆಗಳ ಮೊತ್ತ 9ಕ್ಕೆ ಹತ್ತಿರವೋ ಆ ಕಡೆಗೆ ಗೆಲುವು. ನಮ್ಮ ಅಂದರ್-ಬಾಹರ್ ಆಡಿದವರಿಗೆ ತಿಳಿಯಲು ಎರಡು ನಿಮಿಷ ಸಾಕು. ಬ್ಯಾಂಕರ್ ಮೇಲೆ ಕಟ್ಟಿದರೆ ಕ್ಯಾಸಿನೊಗೆ ಉಳಿಯುವ ಪಾಲು ಶೇ 1.06, ಪ್ಲೇಯರ್ ಮೇಲೆ ಕಟ್ಟಿದರೆ ಶೇ 1.24. ಪಾಲು ಸಣ್ಣದು, ಹರಿಯುವ ಹಣ ದೊಡ್ಡದು. ದೊಡ್ಡ ಮೊತ್ತದ ಮೇಜಿನಲ್ಲಿ ಆಟಗಾರ ಎಲೆಯನ್ನು ಒಮ್ಮೆಗೇ ಮಗುಚುವುದಿಲ್ಲ. ಎರಡೂ ಹೆಬ್ಬೆರಳು ಒತ್ತಿ ಅಂಚನ್ನು ಕೂದಲೆಳೆಯಷ್ಟೇ ಬಾಗಿಸಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಇಣುಕುತ್ತಾನೆ. ಸುತ್ತ ನಿಂತವರು ಉಸಿರು ಹಿಡಿದಿರುತ್ತಾರೆ. ಹಾಗೆ ಹಿಂಡಿದ ಎಲೆ ಸುಕ್ಕಾಗುವುದರಿಂದ ಮತ್ತೆ ಆಟಕ್ಕೆ ಬರುವುದಿಲ್ಲ.

ಇಂಥ ಗಿರಾಕಿಗೆ ರಾತ್ರಿ ಹನ್ನೊಂದಕ್ಕೆ ಹಸಿವಾದರೆ ಅವನಿಗೆ ಸ್ಟೇಕ್ ಬೇಡ, ಮೂರು ಗಂಟೆ ಹಿಡಿಯುವ ಊಟವಂತೂ ಬೇಡವೇ ಬೇಡ. ಹುಟ್ಟಿದಾರಭ್ಯ ತಿಂದ ರುಚಿ ಬೇಕು, ಬಿಸಿಬಿಸಿಯಾಗಿ ಬೇಕು, ಹತ್ತು ನಿಮಿಷದಲ್ಲಿ ಬೇಕು. ಒಂದು ಬಟ್ಟಲು ಸೂಪ್ ನೂಡಲ್ಸ್, ಇಲ್ಲವೇ ಒಂದು ಬಟ್ಟಲು ಗಂಜಿ. ಕ್ಯಾಸಿನೊ ಮಾಲೀಕರಿಗೂ ಇದೇ ಬೇಕು; ಗಿರಾಕಿ ಬೀದಿಗೆ ಇಳಿದರೆ ಎದುರಿನ ರೆಸಾರ್ಟಿನ ಮೇಜಿಗೆ ಹೋಗಿ ಕೂರುತ್ತಾನೆ. ಹೀಗಾಗಿ 1998ರಲ್ಲಿ ತೆರೆದ ಬೆಲ್ಲಾಜಿಯೊದಲ್ಲಿ 'ನೂಡಲ್ಸ್' ಎಂಬ ಹೆಸರಿನದೇ ಒಂದು ಅಂಗಡಿ, ಸೀಸರ್ಸ್ ಪ್ಯಾಲೇಸಿನಲ್ಲಿ 'ಬೀಜಿಂಗ್ ನೂಡಲ್ ನಂಬರ್ 9', ವಿನ್ ರೆಸಾರ್ಟಿನಲ್ಲಿ 'ರೆಡ್ 8'. ಹೆಸರಿನ ಅಂಕಿಗಳೂ ಸುಮ್ಮನೆ ಬಂದವಲ್ಲ, ಎಂಟು ಚೀನೀಯರಿಗೆ ಸಂಪತ್ತಿನ ಸಂಖ್ಯೆ. ಇದೇ ನಂಬಿಕೆಗೆ ಮಣಿದು ಆಂಕೋರ್ ಹೋಟೆಲಿನಲ್ಲಿ 40ರಿಂದ 49ರವರೆಗೆ ಮಹಡಿಗಳಿಗೆ ಸಂಖ್ಯೆಯನ್ನೇ ಕೊಟ್ಟಿಲ್ಲ, ನಾಲ್ಕು ಸಾವಿನ ಸಂಖ್ಯೆ ಎಂದು. 1993ರಲ್ಲಿ ತೆರೆದ ಎಂಜಿಎಂ ಗ್ರ್ಯಾಂಡಿಗೆ ಬಾಯ್ತೆರೆದ ಸಿಂಹದ ಹೆಬ್ಬಾಗಿಲಿತ್ತು. ಮೃಗದ ಬಾಯೊಳಗೆ ನಡೆದು ಜೂಜಿಗೆ ಹೋಗುವುದು ಅಪಶಕುನ ಎಂದು ಏಷ್ಯಾದ ಆಟಗಾರರು ಹಿಂಜರಿದರು, ಐದು ವರ್ಷದಲ್ಲಿ ಬಾಗಿಲು ಬದಲಾಯಿತು. ಬಾಗಿಲನ್ನೇ ಒಡೆದು ಕಟ್ಟುವವರು ಅಡುಗೆಯನ್ನು ಅಲಕ್ಷಿಸುತ್ತಾರೆಯೇ?

ಅಗ್ಗದ ಊಟ ಹಾಕಿ ಜೂಜುಗಾರನನ್ನು ಕಟ್ಟಿಹಾಕುವುದು ಈ ಊರಿಗೆ ಹೊಸದೇನಲ್ಲ. ಹಳೆಯ ಪೇಟೆಯ ಗೋಲ್ಡನ್ ಗೇಟ್ ಕ್ಯಾಸಿನೊ 1959ರಲ್ಲಿ 50 ಸೆಂಟಿಗೆ ಸೀಗಡಿ ಕಾಕ್‌ಟೇಲ್ ಮಾರತೊಡಗಿತು. 1992ರಲ್ಲಿ ಬಾಣಸಿಗ ವುಲ್ಫ್‌ಗ್ಯಾಂಗ್ ಪಕ್ ಸೀಸರ್ಸಿನ ಅಂಗಡಿ ಸಾಲಿನಲ್ಲಿ 'ಸ್ಪಾಗೊ' ಎಂಬ ಹೋಟೆಲು ತೆರೆದ ಮೇಲೆ ಗಾಳಿ ತಿರುಗಿ, ಊಟವೇ ಲಾಭದ ಬಾಬ್ತಾಯಿತು. ನೂಡಲ್ಸ್ ಅಂಗಡಿ ಮಾತ್ರ ಇವೆರಡರ ನಡುವೆ ಉಳಿದುಕೊಂಡಿತು. ಬೆಲೆ ಅಗ್ಗವಲ್ಲ, ಜಂಬವೂ ಇಲ್ಲ. ಚಡ್ಡಿ, ಚಪ್ಪಲಿಯಲ್ಲಿ ಹೋದರೂ ಕೂರಿಸುತ್ತಾರೆ. ಇಲ್ಲಿ ಬಟ್ಟಲಿನಿಂದ ಬರುವ ಲಾಭಕ್ಕಿಂತ ಬಟ್ಟಲು ಖಾಲಿ ಮಾಡಿ ಮೇಜಿಗೆ ಮರಳುವವನಿಂದ ಬರುವ ಲಾಭ ದೊಡ್ಡದು. ಸೂಪ್ ನೀರಾದರೆ ಅಂಥ ಗಿರಾಕಿ ಬಾಯಿ ಬಿಟ್ಟು ದೂರುವುದಿಲ್ಲ, ಮುಂದಿನ ರಾತ್ರಿ ಬೇರೆ ರೆಸಾರ್ಟಿನಲ್ಲಿರುತ್ತಾನೆ. ಸ್ಟ್ರಿಪ್ ಎಂಬ ಆ ದೊಡ್ಡ ಬೀದಿಯಲ್ಲಿ ಅಡುಗೆಯವರನ್ನು ಇಷ್ಟು ಬಿಗಿಯಾಗಿ ಹಿಡಿದಿಟ್ಟ ಗಿರಾಕಿಗಳು ಬೇರೆ ಕಡೆ ನನಗೆ ಕಂಡಿಲ್ಲ. (ಸ್ಟ್ರಿಪ್ಪಿನ ಬಹುಪಾಲು ಲಾಸ್ ವೇಗಸ್ ನಗರದ ಗಡಿಯೊಳಗೇ ಇಲ್ಲ, ಪ್ಯಾರಡೈಸ್ ಎಂಬ ಪ್ರದೇಶಕ್ಕೆ ಸೇರಿದ್ದು. ಹೆಸರಿಟ್ಟವರ ಧೈರ್ಯ ಮೆಚ್ಚಬೇಕು.)

ಇನ್ನು ಏನು ತರಿಸುವುದು? ಮಾಂಸ ತಿನ್ನುವವರಾದರೆ ಮೊದಲ ಬಟ್ಟಲು ವಾಂಟನ್ ನೂಡಲ್ಸ್ ಆಗಿರಲಿ. ಹಾಂಗ್‌ಕಾಂಗ್, ಗ್ವಾಂಗ್‌ಜೌ ಕಡೆಯ ಈ ತಿಂಡಿ ಅಡುಗೆಮನೆಯ ಹಣೆಬರಹವನ್ನೆಲ್ಲ ಒಂದೇ ಬಟ್ಟಲಲ್ಲಿ ಬರೆದಿಡುತ್ತದೆ. ಸೀಗಡಿ, ಹಂದಿಮಾಂಸ ತುಂಬಿ ತೆಳು ಹಾಳೆಯಲ್ಲಿ ಮಡಚಿದ ವಾಂಟನ್ ಒಂದೆಡೆ. ಮೊಟ್ಟೆ ಹಾಕಿ ನಾದಿದ, ದಾರದಷ್ಟು ಸಣ್ಣ ಎಳೆಗಳು ಇನ್ನೊಂದೆಡೆ. ಹಿಟ್ಟಿಗೆ ಕ್ಷಾರದ ನೀರು ಬಿದ್ದಿರುತ್ತದೆ, ಹಪ್ಪಳಕ್ಕೆ ಹಾಕುವ ಕ್ಷಾರದ ಜಾತಿಯದೇ. ಎಳೆಗೆ ಹಳದಿ ಛಾಯೆ ಬರುವುದೂ, ಹಲ್ಲಿಗೆ ಎದುರು ನಿಲ್ಲುವ ಬಿಗಿ ಬರುವುದೂ ಅದರಿಂದ. ಕುದಿಯುವ ನೀರಲ್ಲಿ ಕೆಲವೇ ಸೆಕೆಂಡು ಅದ್ದಿ, ತಣ್ಣೀರಲ್ಲಿ ಜಾಲಿಸಿ, ಮತ್ತೆ ಬಿಸಿ ನೀರು ತೋರಿಸಿ ತೆಗೆಯುತ್ತಾರೆ. ಜೋಡಿಸುವುದರಲ್ಲೂ ಒಂದು ಕ್ರಮವಿದೆ. ತಳಕ್ಕೆ ಚಮಚ, ಅದರ ಮೇಲೆ ವಾಂಟನ್, ಎಲ್ಲಕ್ಕಿಂತ ಮೇಲೆ ನೂಡಲ್ಸ್. ನೂಡಲ್ಸ್ ಸೂಪಿನಲ್ಲಿ ಮುಳುಗಿ ಕೂತರೆ ಮೆತ್ತಗಾಗಿಬಿಡುತ್ತದೆಂದು ಹೀಗೆ. ನಿಮ್ಮ ಮುಂದೆ ಬಂದ ಬಟ್ಟಲಲ್ಲಿ ಎಳೆಗಳು ಸೂಪಿನಿಂದ ತಲೆಯೆತ್ತಿ ನಿಂತಿದ್ದರೆ ಒಳಗಿರುವವನು ಕೆಲಸ ಬಲ್ಲವನು. ಸೂಪಿನ ಬಣ್ಣ ತಿಳಿ, ರುಚಿ ಗಾಢ. ಒಣಗಿಸಿ ಸುಟ್ಟ ಚಪ್ಪಟೆ ಮೀನಿನ ವಾಸನೆ ಹಿಂದಿನಿಂದ ಬರಬೇಕು. ಬರೀ ಉಪ್ಪು, ಅಜಿನೊಮೊಟೊ ನಾಲಿಗೆಗೆ ತಗುಲಿದರೆ ಮೂಳೆ ಬೇಯಿಸದೆ ಪುಡಿ ಕದಡಿದ್ದಾರೆ ಎಂದರ್ಥ.

ಬೀಜಿಂಗ್ ನೂಡಲ್ ನಂಬರ್ 9 ಬೇರೆ ಮನೆತನದ್ದು. ಬಾಗಿಲಲ್ಲೇ ಗಾಜಿನ ತೊಟ್ಟಿಗಳು, ಅವುಗಳ ತುಂಬ ಚಿನ್ನದ ಬಣ್ಣದ ಮೀನು. ಒಳಗೆ ಕಸೂತಿ ಕೊರೆದಂಥ ಬಿಳಿ ಗೋಡೆ. ಅಲಂಕಾರ ಸ್ವಲ್ಪ ಜಾಸ್ತಿಯೇ ಆಯಿತು ಎನ್ನಿ. ಆದರೆ ಅದು ಹೆಸರು ಮಾಡಿದ್ದು ಉತ್ತರ ಚೀನಾದ ಕೈಯಿಂದ ಎಳೆದ ನೂಡಲ್ಸಿಗೆ. ಈ ವಿದ್ಯೆ ಎಲ್ಲಿ ಸಿಕ್ಕರೂ ನಿಂತು ನೋಡಬೇಕು. ಗೋಧಿ ಹಿಟ್ಟಿನ ಮುದ್ದೆಯನ್ನು ಎರಡು ತುದಿ ಹಿಡಿದು ತೋಳಗಲ ಎಳೆದು, ಮೇಜಿಗೆ ಫಟ್ಟನೆ ಬಡಿದು, ಮಡಚಿ, ಹುರಿ ತಿರುವಿ ಮತ್ತೆ ಎಳೆಯುತ್ತಾರೆ. ಹಿಟ್ಟು ಹದಕ್ಕೆ ಬಂದ ಮೇಲೆ ಒಂದೊಂದು ಮಡಿಕೆಗೂ ಎಳೆ ಇಮ್ಮಡಿ: ಎರಡು, ನಾಲ್ಕು, ಎಂಟು. ಎಂಟನೇ ಸಲಕ್ಕೆ 256. ಎಳೆಯುವವನ ಬೆರಳುಗಳ ನಡುವೆ ಹಿಟ್ಟಿನ ಪುಡಿ ಹಾರುತ್ತಿರುತ್ತದೆ, ಕಣ್ಣು ಹಿಟ್ಟಿನ ಮೇಲಿರುವುದೇ ಇಲ್ಲ. ಹೀಗೆ ಬಂದ ಎಳೆ ಉದ್ದವಾಗಿರುತ್ತದೆ. ಅದನ್ನು ಕತ್ತರಿಸದೆ ಹೀರಿಕೊಳ್ಳಬೇಕು. ಉದ್ದ ಎಳೆ ದೀರ್ಘಾಯುಷ್ಯಕ್ಕೆ ಎಂದು ಚೀನೀಯರು ಹುಟ್ಟುಹಬ್ಬಕ್ಕೂ ಹೊಸ ವರ್ಷಕ್ಕೂ ತಿನ್ನುತ್ತಾರೆ. ಸೊರ್ ಎಂದು ಸದ್ದು ಬಂದರೆ ನಾಚಿಕೆ ಬೇಡ, ಪಕ್ಕದ ಮೇಜಿನಲ್ಲೂ ಅದೇ ಸದ್ದು.

ನಮ್ಮ ಕಡೆಯವರಿಗೆ ಹೇಳಲೇಬೇಕಾದ ಒಂದು ಸಂಗತಿ ಇದೆ. ಚೀನಾದ ಲಾಜಿಯಾ ಎಂಬಲ್ಲಿ ಭೂಮಿಯಡಿ ಮಗುಚಿಬಿದ್ದಿದ್ದ ಮಣ್ಣಿನ ಬಟ್ಟಲೊಳಗೆ ಸುಮಾರು 4000 ವರ್ಷ ಹಳೆಯ ನೂಡಲ್ಸ್ ಸಿಕ್ಕಿದ್ದನ್ನು 2005ರಲ್ಲಿ 'ನೇಚರ್' ಪತ್ರಿಕೆ ಪ್ರಕಟಿಸಿತು. ಅದರಲ್ಲಿದ್ದದ್ದು ಗೋಧಿಯಲ್ಲ, ನವಣೆ ಮತ್ತು ಬರಗು ಎಂದು ಆ ಸಂಶೋಧಕರು ಹೇಳಿದರು. ಅಂಟಿಲ್ಲದ ಸಿರಿಧಾನ್ಯದ ಹಿಟ್ಟನ್ನು ಹಾಗೆ ಎಳೆಯಲು ಸಾಧ್ಯವೇ ಎಂದು ಬೇರೆಯವರು ತಕರಾರು ತೆಗೆದಿದ್ದಾರೆ. ಸಿರಿಧಾನ್ಯ ಮೇಳಗಳಲ್ಲಿ ನವಣೆ ನೂಡಲ್ಸ್ ಪೊಟ್ಟಣ ಮಾರುವವರು ಈ ಸುದ್ದಿಯನ್ನು ಇನ್ನೂ ಬಳಸಿಕೊಂಡಿಲ್ಲವಲ್ಲ!

ಈಗ ಬೇಡದ್ದರ ಮಾತು. ಈ ಅಂಗಡಿಗಳ ಮೆನುವಿನಲ್ಲಿ ಚೀನಾ, ಜಪಾನ್, ಥಾಯ್ಲೆಂಡ್, ವಿಯೆಟ್ನಾಂ, ಸಿಂಗಪುರ ಎಲ್ಲ ಒಂದೇ ಹಾಳೆಯಲ್ಲಿರುತ್ತವೆ. ಒಂದು ಅಡುಗೆಮನೆ ಐದು ದೇಶ ಸಂಭಾಳಿಸಲಾರದು. ಹೆಸರು ಬೇಡದ ಒಂದು ರೆಸಾರ್ಟಿನಲ್ಲಿ ನನಗೆ ಬಡಿಸಿದ ಪ್ಯಾಡ್ ಥಾಯ್‌ಗೆ ಹುಣಸೆಹಣ್ಣಿನ ಬದಲು ಟೊಮೆಟೊ ಕೆಚಪ್ ಬಿದ್ದಿತ್ತು. ಹುಳಿಯ ಜಾಗದಲ್ಲಿ ಸಿಹಿ. ರಾಮೆನ್ನೂ ಹಾಗೆಯೇ. ಅದರ ಸೂಪಿಗೆ ದಿನವಿಡೀ ಕುದಿಯುವ ಬೇರೆಯೇ ಹಂಡೆ ಬೇಕು, ಹತ್ತರಲ್ಲಿ ಹನ್ನೊಂದನೆಯದಾಗಿ ಮಾಡಿದರೆ ಕೆಡುತ್ತದೆ. ಸಿಂಗಪುರ ನೂಡಲ್ಸ್ ಎಂಬುದು ಸಿಂಗಪುರದ್ದೇ ಅಲ್ಲ. ಅಕ್ಕಿ ಎಳೆಗೆ ಕರಿ ಪೌಡರ್ ಹಾಕಿ ಹುರಿಯುವ ಪದ್ಧತಿ ಹಾಂಗ್‌ಕಾಂಗ್ ಹೋಟೆಲುಗಳಿಂದ ಹರಡಿದ್ದು, ಆದ್ದರಿಂದ ಕ್ಯಾಂಟನೀಸ್ ಅಡುಗೆಯವರ ಕೈಯಲ್ಲಿ ಚೆನ್ನಾಗಿಯೇ ಬರುತ್ತದೆ. ವಿಯೆಟ್ನಾಮಿನ ನೂಡಲ್ಸ್ ಸೂಪ್ ಫೋ ತಿನ್ನಬೇಕೆಂಬ ಆಸೆ ಗಟ್ಟಿಯಾಗಿದ್ದರೆ ಟ್ಯಾಕ್ಸಿ ಹಿಡಿದು ಸ್ಟ್ರಿಪ್ಪಿನ ಪಶ್ಚಿಮಕ್ಕಿರುವ ಸ್ಪ್ರಿಂಗ್ ಮೌಂಟನ್ ರಸ್ತೆಗೆ ಹೋಗಿ. 1995ರಲ್ಲಿ ಅಲ್ಲಿ ಚೈನಾಟೌನ್ ಪ್ಲಾಜಾ ಎದ್ದ ಮೇಲೆ ಆ ರಸ್ತೆಯುದ್ದಕ್ಕೂ ಏಷ್ಯಾದ ಹೋಟೆಲುಗಳು ಬೆಳೆದಿವೆ. ಚಕ್ರಮೊಗ್ಗು, ಚಕ್ಕೆ, ಸುಟ್ಟ ಶುಂಠಿಯ ಪರಿಮಳದ ಫೋ ಅಲ್ಲಿ ಕ್ಯಾಸಿನೊದ್ದಕ್ಕಿಂತ ಚೆನ್ನ, ದುಡ್ಡೂ ಕಡಿಮೆ. ವಾಂಟನ್ ವಿಷಯದಲ್ಲಿ ಮಾತ್ರ ನಾನು ಕ್ಯಾಸಿನೊ ಬಿಟ್ಟು ಏಳುವುದಿಲ್ಲ.

ಸಸ್ಯಾಹಾರಿಗಳಿಗೆ ಸುಳ್ಳು ಭರವಸೆ ಕೊಡಲಾರೆ. ಮೆನುವಿನಲ್ಲಿ ತರಕಾರಿ ನೂಡಲ್ಸ್ ಸೂಪ್ ಎಂದು ಬರೆದಿದ್ದರೂ ಸೂಪು ಮೂಳೆಯದೇ ಇರಬಹುದು, ಹುರಿದದ್ದಕ್ಕೆ ಆಯ್‌ಸ್ಟರ್ ಸಾಸ್, ಥಾಯ್ ಪದಾರ್ಥಕ್ಕೆ ಫಿಶ್ ಸಾಸ್ ಬಿದ್ದಿರುತ್ತದೆ, ಹಳದಿ ಎಳೆಗೆ ಮೊಟ್ಟೆ. "ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಮಾಂಸದ ತುಂಡು ತೆಗೆದು ತರುತ್ತಾರೆ. ಮೊಟ್ಟೆ ಇಲ್ಲ, ಮೀನಿನ ಸಾಸ್ ಇಲ್ಲ, ಆಯ್‌ಸ್ಟರ್ ಸಾಸ್ ಇಲ್ಲ, ಮಾಂಸದ ಸೂಪ್ ಇಲ್ಲ ಎಂದು ಒಂದೊಂದನ್ನೂ ಹೆಸರು ಹಿಡಿದು ಹೇಳಿ. ಅಕ್ಕಿ ನೂಡಲ್ಸ್, ತೋಫು, ಸೋಯಾ ಸಾಸ್ ಹಾಕಿ ಒಣದಾಗಿ ಹುರಿದು ಕೊಡಲು ಕೇಳಿ. ಜತೆಗೆ ಬೆಳ್ಳುಳ್ಳಿ ಹಾಕಿ ಬಾಡಿಸಿದ ಹಸಿರು ಸೊಪ್ಪು. ಹಸಿಮೆಣಸಿನಕಾಯಿ ಕೇಳಿದರೆ ಹೆಚ್ಚಿ ತಂದುಕೊಡುತ್ತಾರೆ. ಬಾಣಲೆ ಮಾತ್ರ ಅದೇ ಬಾಣಲೆ. ಅಷ್ಟು ಮಡಿ ಇರುವವರು ಬೇರೆ ದಾರಿ ನೋಡಿಕೊಳ್ಳುವುದು ಒಳ್ಳೆಯದು.

ಮಕ್ಕಳನ್ನು ಕರೆದುಕೊಂಡು ಹೋಗುವವರು ಗಮನಿಸಿ: 21 ವರ್ಷದೊಳಗಿನವರು ಕ್ಯಾಸಿನೊ ನೆಲವನ್ನು ದಾಟಿಕೊಂಡು ಹೋಗಬಹುದು, ಆಟದ ಮೇಜಿನ ಬಳಿ ನಿಂತು ನೋಡುವಂತಿಲ್ಲ. ಊಟದ ಹೋಟೆಲಿನೊಳಗೆ ಸಿಗರೇಟು ನಿಷಿದ್ಧ, ಆಟದ ನೆಲದಲ್ಲಿ ಅನೇಕ ಕಡೆ ಇನ್ನೂ ಉಂಟು. ಹೊಗೆ ಆಗದವರು ಒಳಗಿನ ಮೂಲೆಯ ಮೇಜು ಕೇಳಬೇಕು. ಒಂದು ಬಟ್ಟಲಿಗೆ 20 ಡಾಲರಿನ ಮೇಲೆಯೇ ಆಗುತ್ತದೆ. ಅದರ ಮೇಲೆ ಶೇ 8.375 ಮಾರಾಟ ತೆರಿಗೆ, ಆಮೇಲೆ ಶೇ 18ರಿಂದ 20ರಷ್ಟು ಟಿಪ್ಸ್. ಬಟ್ಟಲು ದೊಡ್ಡದು, ಇಬ್ಬರು ಹಂಚಿಕೊಂಡರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ದೊಡ್ಡ ಗುಂಪಾಗಿ ಕೂತರೆ ಹಲವೆಡೆ ಟಿಪ್ಸನ್ನು ಬಿಲ್ಲಿನಲ್ಲೇ ಸೇರಿಸಿರುತ್ತಾರೆ. ಇನ್ನೊಮ್ಮೆ ಕೊಡುವ ಮುಂಚೆ ಬಿಲ್ಲನ್ನು ಕೊನೆಯ ಸಾಲಿನವರೆಗೆ ಓದಿ.