ಟೇಪು ಅಂಟಿಸಿದ ಪಿಟೀಲು

ಅಮೆರಿಕದ ಎಷ್ಟೋ ಊರುಗಳ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ನಾಲ್ಕನೆಯದೋ ಐದನೆಯದೋ ತರಗತಿಗೆ ಬಂದಾಗ ಮನೆಗೆ ಒಂದು ಚೀಟಿ ಬರುತ್ತದೆ: ಬ್ಯಾಂಡೋ, ಆರ್ಕೆಸ್ಟ್ರಾವೋ, ಕೋರಸ್ಸೋ? ಆರ್ಕೆಸ್ಟ್ರಾ ಎಂದು ಗುರುತು ಹಾಕುವ ಮಗುವಿಗೆ ಸಂಗೀತದ ಗಂಧ ಇರಲೇಬೇಕೆಂದಿಲ್ಲ. ತೋಳಿನ ಉದ್ದ ನೋಡಿ ಅರ್ಧ ಅಳತೆಯದೋ ಮುಕ್ಕಾಲು ಅಳತೆಯದೋ ಪಿಟೀಲನ್ನು ತಿಂಗಳ ಬಾಡಿಗೆಗೆ ತಂದರಾಯಿತು. ಕೆಲವೇ ತಿಂಗಳಲ್ಲಿ ಆ ಮಗು ಬಿಳಿ ಅಂಗಿ ತೊಟ್ಟು ಶಾಲೆಯ ವೇದಿಕೆಯ ಮೇಲೆ ಕೂತಿರುತ್ತದೆ. ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳ ಕನ್ನಡದ ಮನೆಗಳಿಗೂ ಪಿಟೀಲು ಹೀಗೆ ಬಂದಿದೆ. ಈ ಪದ್ಧತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದರ ಮೊದಲ ವರ್ಷದ ಪಾಠದಲ್ಲಿ ಒಂದು ದೊಡ್ಡ ಕೊರತೆಯಿದೆ. ಅದು ಮಗುವಿನ ಕಣ್ಣನ್ನು ನಂಬಿದಷ್ಟು ಕಿವಿಯನ್ನು ನಂಬುವುದಿಲ್ಲ.

ಮೊದಲು ಮೆಚ್ಚುಗೆಯ ಮಾತು. ಹತ್ತಾರು ಮಕ್ಕಳನ್ನು ತರಗತಿಯಲ್ಲಿ ಕೂರಿಸಿ ಒಟ್ಟಿಗೆ ಪಿಟೀಲು ಕಲಿಸುವ ಪ್ರಯೋಗ 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಮೇಡ್‌ಸ್ಟೋನ್ ಪಟ್ಟಣದ ಶಾಲೆಯೊಂದರಿಂದ ಬೆಳೆಯಿತು. ಮರ್ಡಾಕ್ ಎಂಬ ವಾದ್ಯದ ಕಂಪನಿ ಕಡಿಮೆ ಬೆಲೆಗೆ, ಕಂತಿನ ಮೇಲೆ ಪಿಟೀಲು ಒದಗಿಸಿತು. ಕೂಲಿಕಾರರ ಮಕ್ಕಳೂ ಕಮಾನು ಹಿಡಿದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ನುಡಿಸಿದರು. ಇದನ್ನು ನೋಡಿ ಬಂದ ಬೋಸ್ಟನ್ನಿನ ಆಲ್ಬರ್ಟ್ ಮಿಚೆಲ್ 20ನೇ ಶತಮಾನದ ಆರಂಭದಲ್ಲಿ ತಮ್ಮ ಊರಿನ ಶಾಲೆಗಳಲ್ಲಿ ಪಿಟೀಲಿನ ತರಗತಿ ತೆರೆದರು. ಅಲ್ಲಿಯವರೆಗೆ ಖಾಸಗಿ ಮೇಷ್ಟರನ್ನು ಇಟ್ಟುಕೊಳ್ಳಬಲ್ಲವರ ಸೊತ್ತಾಗಿದ್ದ ವಾದ್ಯ ಕೇಳಿದ ಮಕ್ಕಳ ಕೈಗೆಲ್ಲ ಬಂತು. ಈ ಪದ್ಧತಿ ಬೇರೇನೂ ಸಾಧಿಸದಿದ್ದರೂ ಇದೊಂದಕ್ಕಾಗಿ ಅದನ್ನು ಗೌರವಿಸಬೇಕು.

ತರಗತಿಯ ಏರ್ಪಾಡೂ ಜಾಣತನದ್ದೇ. ಪಿಟೀಲು, ವಯೋಲಾ, ಚೆಲ್ಲೊ, ಡಬಲ್ ಬಾಸ್ ನಾಲ್ಕೂ ಒಂದೇ ಕೋಣೆಯಲ್ಲಿ ಇರುತ್ತವೆ. ಪಿಟೀಲಿನ ತಂತಿಗಳು ಜಿ, ಡಿ, ಎ, ಇ. ವಯೋಲಾ, ಚೆಲ್ಲೊಗಳದ್ದು ಸಿ, ಜಿ, ಡಿ, ಎ. ಬಾಸಿನದ್ದು ಇ, ಎ, ಡಿ, ಜಿ. ಅಕ್ಕಪಕ್ಕದಲ್ಲೇ ಇರುವ ಡಿ ಮತ್ತು ಎ ನಾಲ್ಕಕ್ಕೂ ಸಾಮಾನ್ಯ. ಆದ್ದರಿಂದ ಎಲ್ಲರ ಮೊದಲ ಪಾಠ ಡಿ ತಂತಿಯ ಮೇಲೆ, ಡಿ ಮೇಜರ್‌ನಲ್ಲಿ. ನಮ್ಮ ಲೆಕ್ಕದಲ್ಲಿ ಅದು ಶಂಕರಾಭರಣದ ಸ್ವರಗಳೇ. ಬಾಸಿನ ಮಗು ನಾಲ್ಕನೆಯ ಸ್ವರಕ್ಕೆ ಪಕ್ಕದ ತಂತಿಗೆ ಹೋಗಬೇಕು, ಚೆಲ್ಲೊದ ಮಗು ಬೇರೆ ಬೆರಳು ಇಡಬೇಕು. ಪಿಟೀಲಿನ ಮಗು ತನಗೆ ಸಲೀಸಾದ ಇ ತಂತಿಯನ್ನು ಕೆಲವು ತಿಂಗಳು ಮುಟ್ಟದೆ ಕಾಯಬೇಕು. ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಾಗ ಮೊದಲ ತಿಂಗಳಲ್ಲೇ ಒಂದು ಮೇಳ ಕೂಡುತ್ತದೆ. ಒಂಟಿಯಾಗಿ ಕಲಿಯುವ ಮಗುವಿಗೆ ಈ ಸುಖ ವರ್ಷಗಟ್ಟಲೆ ಸಿಗುವುದಿಲ್ಲ.

ಕಮಾನಿನ ಪಾಠವೂ ಚೆನ್ನಾಗಿದೆ. ಮೊದಲ ವಾರಗಳಲ್ಲಿ ಕಮಾನು ತಂತಿಗೆ ತಾಗುವುದೇ ಇಲ್ಲ, ಬೆರಳಿನಿಂದ ಮೀಟುವುದಷ್ಟೆ. ಬಲಗೈಗೆ ಪೆನ್ಸಿಲ್ ಕೊಟ್ಟು ಹೆಬ್ಬೆರಳು ಬಾಗಿಸಿ ಕಿರುಬೆರಳನ್ನು ಮೇಲೆ ಕೂರಿಸುವ ಅಭ್ಯಾಸ ಮಾಡಿಸುತ್ತಾರೆ. 1960ರ ದಶಕದ ಕೊನೆಯಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪಾಲ್ ರೋಲಂಡ್, ಆರಂಭದ ಮಕ್ಕಳ ಮೈಬಿಗಿತ ಬಿಡಿಸುವುದು ಹೇಗೆಂದು ವರ್ಷಗಟ್ಟಲೆ ಪ್ರಯೋಗ ನಡೆಸಿ ಚಿತ್ರೀಕರಿಸಿದರು. ಇಂದಿನ ಒಳ್ಳೆಯ ಆರ್ಕೆಸ್ಟ್ರಾ ಮೇಷ್ಟರ ಕೈಯಲ್ಲಿ ಆ ಕೆಲಸದ ಗುರುತು ಈಗಲೂ ಕಾಣುತ್ತದೆ.

ಇನ್ನು ಆ ಟೇಪಿನ ವಿಷಯ.

ಪಿಟೀಲಿಗೆ ವೀಣೆಯಂತೆ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿ ಬೀಳಬೇಕೆಂದು ಮಗುವಿಗೆ ತಿಳಿಯಲೆಂದು ಫಿಂಗರ್‌ಬೋರ್ಡಿನ ಮೇಲೆ ತೆಳ್ಳನೆಯ ಬಣ್ಣದ ಟೇಪುಗಳನ್ನು ಅಡ್ಡಕ್ಕೆ ಅಂಟಿಸುತ್ತಾರೆ. ದೊಡ್ಡವರ ಪಿಟೀಲಿನಲ್ಲಿ ತಂತಿ ಶುರುವಾಗುವಲ್ಲಿಂದ ಸುಮಾರು ಮೂರೂವರೆ ಸೆಂಟಿಮೀಟರಿಗೆ ಮೊದಲ ಬೆರಳಿನ ಗೆರೆ, ಆಮೇಲೆ ಎರಡನೆಯದು, ಅದಕ್ಕೆ ಒತ್ತಿಕೊಂಡು ಮೂರನೆಯದು. ಮೂವತ್ತು ಮಕ್ಕಳನ್ನು ಏಕಕಾಲಕ್ಕೆ ನಿಭಾಯಿಸುವ ಮೇಷ್ಟರಿಗೆ ಇದು ಬೇಕು, ಒಪ್ಪುತ್ತೇನೆ. ಆದರೆ ಗೆರೆ ಸರಿಯಾದ ಸ್ವರ ತೋರಿಸುವುದು ತಂತಿ ಶ್ರುತಿಯಲ್ಲಿದ್ದರೆ ಮಾತ್ರ. ಚಳಿಗಾಲದಲ್ಲಿ ಹೀಟರಿನ ಒಣ ಗಾಳಿಗೆ ಬಿರಡೆ ಜಾರಿ ತಂತಿ ಇಳಿಯುತ್ತದೆ. ಮಗು ಮನೆಯಲ್ಲಿ ವಾರವಿಡೀ ಗೆರೆಯ ಮೇಲೆ ಬೆರಳಿಟ್ಟು, ತಾನು ಮಾಡುತ್ತಿರುವುದು ಸರಿ ಎಂಬ ಪೂರ್ಣ ನಂಬಿಕೆಯಿಂದ ಅಪಸ್ವರವನ್ನು ಅಭ್ಯಾಸ ಮಾಡುತ್ತದೆ.

ನಿಜವಾದ ತೊಡಕು ಕಾಣುವುದು ಪಾಠ ಮುಂದುವರಿದಾಗ. ಡಿ ಮೇಜರ್‌ನಲ್ಲಿ ಎರಡನೆಯ ಬೆರಳು ಮೂರನೆಯದಕ್ಕೆ ಅಂಟಿಕೊಂಡಿರುತ್ತದೆ. ಅದು ಎಫ್ ಶಾರ್ಪ್. ಮುಂದೆ ಬರಿಯ ಎಫ್ ಬಂದಾಗ ಅದೇ ಬೆರಳು ಒಂದೂವರೆ ಸೆಂಟಿಮೀಟರಿನಷ್ಟು ಹಿಂದೆ ಸರಿದು ಮೊದಲನೆಯದರ ಮಗ್ಗುಲಿಗೆ ಬರಬೇಕು. ಅಲ್ಲಿ ಗೆರೆ ಇಲ್ಲ. ಅಂತರ ಗಾಂಧಾರದಿಂದ ಸಾಧಾರಣ ಗಾಂಧಾರಕ್ಕೆ ಇಳಿಯುವುದೆಂದರೆ ರಾಗದ ಬಣ್ಣವೇ ಬದಲಾದಂತೆ. ಹಾಡಿಸಿದರೆ ಎಂಟು ವರ್ಷದ ಮಗುವೂ ಅದನ್ನು ಹಿಡಿಯುತ್ತದೆ. ಆದರೆ ಹಾಡದ, ಗೆರೆ ನೋಡಿ ಬೆರಳಿಡಲು ಮಾತ್ರ ಕಲಿತ ಮಗುವಿಗೆ ಅದು ಇನ್ನೊಂದು ಬೆರಳಿನ ಗೊಂದಲ. ಬೆರಳು ಮತ್ತೆ ಮತ್ತೆ ಹಳೆಯ ಗೆರೆಗೇ ಹೋಗಿ ಕೂರುತ್ತದೆ.

ಪಿಟೀಲು ಮಗುವಿಗೆ ತಾನೇ ಪಾಠ ಹೇಳಬಲ್ಲ ವಾದ್ಯ ಎಂಬುದನ್ನು ಈ ಕ್ರಮ ಮರೆಯುತ್ತದೆ. ಡಿ ತಂತಿಯ ಮೇಲೆ ಮೂರನೆಯ ಬೆರಳಿಟ್ಟು ಜಿ ಸ್ವರ ನುಡಿಸಿ. ಬೆರಳು ಸರಿಯಾದ ಜಾಗದಲ್ಲಿದ್ದರೆ ಪಕ್ಕದ ಜಿ ತಂತಿ ಯಾರೂ ಮುಟ್ಟದೆ ತಾನಾಗಿ ಕಂಪಿಸುತ್ತದೆ. ದೃಷ್ಟಿಯಿಟ್ಟು ನೋಡಿದರೆ ಅದರ ನಡುಕ ಕಣ್ಣಿಗೂ ಬೀಳುತ್ತದೆ, ಇಡೀ ಪೆಟ್ಟಿಗೆ ತುಂಬಿ ದನಿಗೊಡುತ್ತದೆ. ಎರಡು ಮಿಲಿಮೀಟರ್ ತಪ್ಪಿದರೂ ಆ ತುಂಬು ನಾದ ಉಡುಗಿಹೋಗುತ್ತದೆ. ಇದಕ್ಕಿಂತ ಒಳ್ಳೆಯ ಮೇಷ್ಟರು ಬೇಕೆ? ಆದರೆ ಮೂವತ್ತು ವಾದ್ಯಗಳು ಒಟ್ಟಿಗೆ ನುಡಿಯುವ ಕೋಣೆಯಲ್ಲಿ ಈ ಪಾಠ ಯಾರಿಗೂ ಕೇಳಿಸದು. ಗುಂಪು ಮಗುವಿನ ಅಂಜಿಕೆಯನ್ನು ಮರೆಮಾಡುತ್ತದೆ, ಅದು ಒಳ್ಳೆಯದು. ಅಪಸ್ವರವನ್ನೂ ಮರೆಮಾಡುತ್ತದೆ, ಅದು ಕೆಟ್ಟದ್ದು.

ಅನೇಕ ಶಾಲೆಗಳ ಕೈಪಿಡಿ ‘ಎಸೆನ್ಷಿಯಲ್ ಎಲಿಮೆಂಟ್ಸ್’ ಕೂಡ ಕಣ್ಣಿನ ಕಡೆಗೇ ವಾಲುತ್ತದೆ. ಆರಂಭದ ಪುಟಗಳಲ್ಲಿ ಸ್ವರಚಿಹ್ನೆಯ ತಲೆಯೊಳಗೇ ಅದರ ಅಕ್ಷರ ಅಚ್ಚಾಗಿದೆ. ಪಾಠಗಳ ಜೋಡಣೆ ಅಚ್ಚುಕಟ್ಟು, ಹಾಡುಗಳು ಮಕ್ಕಳಿಗೆ ಪರಿಚಿತ. ಆದರೂ ಮಗು ಓದುವುದು ಅಕ್ಷರವನ್ನು, ಸ್ವರವನ್ನಲ್ಲ. ಜಪಾನಿನ ಶಿನಿಚಿ ಸುಜುಕಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು: ಮಗು ಮಾತು ಕಲಿಯುವಂತೆ ಮೊದಲು ಕೇಳಲಿ, ಕೇಳಿ ನುಡಿಸಲಿ, ಓದುವುದು ಆಮೇಲೆ. ನಮ್ಮ ಕರ್ನಾಟಕ ಪಿಟೀಲಿನ ಪಾಠವೂ ಅದೇ. ಮಾಯಾಮಾಳವಗೌಳದ ಸರಳೆ ವರಸೆಯನ್ನು ಬಾಯಲ್ಲಿ ಹಾಡಿದ ಮೇಲೆಯೇ ಬೆರಳಿಗೆ ಬರುವುದು. ಗುರು ಎದುರಿಗೆ ಕೂತು ಒಂದೊಂದು ಸ್ವರವನ್ನೂ ಕೇಳಿ ತಿದ್ದುತ್ತಾರೆ.

ಹಾಗೆಂದು ನಮ್ಮ ಪದ್ಧತಿ ಪೂರ್ಣ ಎಂದು ನಾನು ಹೇಳಲಾರೆ. ವರ್ಣದವರೆಗೆ ಬಂದ ನಮ್ಮ ವಿದ್ಯಾರ್ಥಿಗೆ ಇನ್ನೊಬ್ಬರ ಜೊತೆ ಕೂತು ನುಡಿಸುವ ಅವಕಾಶ ಅಪರೂಪ. ಶಾಲೆಯ ಆರ್ಕೆಸ್ಟ್ರಾದ ಮಗು ಮೊದಲ ವರ್ಷದಲ್ಲೇ ಕೆಲವು ದೊಡ್ಡ ಸಂಗತಿಗಳನ್ನು ಕಲಿತಿರುತ್ತದೆ: ತನ್ನ ಸರದಿ ಬರುವವರೆಗೆ ಮಾತ್ರೆ ಎಣಿಸುತ್ತ ಸುಮ್ಮನಿರುವುದು, ತಪ್ಪಿದರೆ ನಿಲ್ಲದೆ ಮುಂದಿನ ಸಾಲಿನಲ್ಲಿ ಸೇರಿಕೊಳ್ಳುವುದು, ಪಕ್ಕದವರ ಕಮಾನು ಕೆಳಗಿಳಿದಾಗ ತನ್ನದನ್ನೂ ಇಳಿಸುವುದು. ಇವನ್ನು ಒಂಟಿ ಪಾಠದಲ್ಲಿ ಕಲಿಸಲಾಗದು.

ಎರಡನ್ನೂ ಕಲಿಯುತ್ತಿರುವ ಕನ್ನಡದ ಮಕ್ಕಳು ಹೊರದೇಶಗಳಲ್ಲಿ ಸಾಕಷ್ಟಿದ್ದಾರೆ: ಶಾಲೆಯಲ್ಲಿ ಕುರ್ಚಿಯ ಮೇಲೆ ಕೂತು ಗದ್ದಕ್ಕೆ ಆನಿಸಿದ ಪಿಟೀಲು, ಶನಿವಾರ ನೆಲದ ಮೇಲೆ ಕೂತು ಬಲಪಾದದ ಮೇಲೆ ತಲೆಯಿಟ್ಟ ಪಿಟೀಲು. ಶ್ರುತಿಯೂ ಬೇರೆ, ಅಲ್ಲಿ ಜಿ, ಡಿ, ಎ, ಇ, ಇಲ್ಲಿ ಸ, ಪ, ಸ, ಪ. ಒಂದೇ ವಾದ್ಯದ ಬಿರಡೆಯನ್ನು ದಿನಾ ತಿರುಚಿದರೆ ತಂತಿ ಬಾಳುವುದಿಲ್ಲ. ಸಾಧ್ಯವಾದರೆ ಎರಡು ವಾದ್ಯ ಇಡಿ. ಮಗು ಗೊಂದಲಗೊಳ್ಳುತ್ತದೆ ಎಂದು ಒಂದನ್ನು ಬಿಡಿಸಬೇಡಿ. ಮನೆಯಲ್ಲಿ ಸ್ವರ ಹಾಡಿದ ಮಗುವಿಗೆ ಶಾಲೆಯ ಎಫ್ ಕಷ್ಟವಾಗದು.

ನನ್ನ ತೀರ್ಮಾನ ಇಷ್ಟು: ಶಾಲೆಯ ಆರ್ಕೆಸ್ಟ್ರಾ ಪಿಟೀಲು ಶುರುಮಾಡಲು ಒಳ್ಳೆಯ ಜಾಗ, ಅಲ್ಲಷ್ಟೇ ಕಲಿಯುವುದು ಸಾಲದು. ಮೇಷ್ಟರುಗಳು ಪ್ರತಿ ಹಾಡನ್ನೂ ನುಡಿಸುವ ಮೊದಲು ಬಾಯಲ್ಲಿ ಹಾಡಿಸಲಿ. ಟೇಪುಗಳನ್ನು ಒಂದೊಂದಾಗಿ ತೆಗೆಯುವ ದಿನವನ್ನು ಮೊದಲೇ ಗೊತ್ತುಮಾಡಲಿ. ತಂದೆ-ತಾಯಂದಿರು ಅಭ್ಯಾಸದ ಹೊತ್ತಿನಲ್ಲಿ ಟಿವಿ ಆರಿಸಿ, ಮೊದಲು ತಂತಿ ಶ್ರುತಿಯಲ್ಲಿದೆಯೇ ನೋಡಿ, ಐದು ನಿಮಿಷ ಮಗುವಿನ ಪಕ್ಕ ಕೂರಲಿ. ಡಿ ತಂತಿಯ ಮೇಲಿನ ಮೂರನೆಯ ಬೆರಳನ್ನು ನಿಧಾನವಾಗಿ ಹಿಂದೆ ಮುಂದೆ ಸರಿಸಿ, ಪಕ್ಕದ ಜಿ ತಂತಿ ಯಾವಾಗ ನಡುಗುತ್ತದೆಂದು ಹುಡುಕಲು ಮಗುವಿಗೆ ಹೇಳಿ.